ಪೋಡಿಯಾಗದ ಪಾಲಿಸಿ: ಒಬ್ಬನ ವಂಚನೆಗೆ ಇನ್ನೊಬ್ಬನ ಪರಿಹಾರವೂ ಹೋಗಬೇಕೆ?

ಹತ್ತಿಗೆ ಬೆಂಕಿ ಬೀಳಲು ದೊಡ್ಡ ಕಾರಣ ಬೇಕಿಲ್ಲ. ರಾಶಿಯೊಳಗೆ ಸೇರಿಕೊಂಡ ಒಂದು ಹರಳುಕಲ್ಲು ಜಿನ್ನಿಂಗ್ ಯಂತ್ರದ ಕಬ್ಬಿಣಕ್ಕೆ ಉಜ್ಜಿ ಕಿಡಿ ಹಾರಿದರೆ ಸಾಕು, ಉಳಿದ ಕೆಲಸವನ್ನು ರಾಯಚೂರಿನ ಬಿಸಿಲು ಮಾಡಿ ಮುಗಿಸುತ್ತದೆ. ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಉಳಿದಿರುವುದು ಸೊಟ್ಟಗಾದ ತಗಡು ಮತ್ತು ಬೇಲ್ ಎಂಬ ಹತ್ತಿ ಮೂಟೆಗಳಿಗೆ ಕಟ್ಟಿದ್ದ ಪಟ್ಟಿಗಳು.

ಅಂಥದೊಂದು ಮಿಲ್ಲನ್ನು ಊಹಿಸಿಕೊಳ್ಳಿ. ಇಬ್ಬರು ಪಾಲುದಾರರು, ಸಂಬಂಧದಲ್ಲಿ ಭಾವ ಮತ್ತು ಭಾಮೈದ. ಭಾವ ಯಂತ್ರದ ಕಡೆ, ಭಾಮೈದ ಲೆಕ್ಕದ ಕಡೆ. ಬೆಂಕಿ ಬಿದ್ದದ್ದು ನಿಜ, ಯಾರೂ ಹಚ್ಚಿದ್ದಲ್ಲ. ಸುಟ್ಟದ್ದು 500 ಬೇಲ್. ಕ್ಲೇಮಿನಲ್ಲಿ ಭಾಮೈದ ಬರೆದದ್ದು 800. ಅದಕ್ಕೆ ಬೇಕಾದ ಖರೀದಿ ಚೀಟಿಗಳನ್ನೂ ಹೊಂದಿಸಿದ. ನಷ್ಟ ಅಳೆಯಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬಂದು ಲಾರಿಗಳ ತೂಕದ ಚೀಟಿ, ಮಾರುಕಟ್ಟೆಯ ದಾಖಲೆ, ಮಿಲ್ಲಿನ ವಿದ್ಯುತ್ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟಾಗ 300 ಬೇಲ್ ಕಾಗದದ ಮೇಲೆ ಮಾತ್ರ ಹುಟ್ಟಿದವು ಎಂದು ಗೊತ್ತಾಯಿತು. ವಿಮಾ ಕಂಪನಿ ಹೆಚ್ಚುವರಿ 300 ಬೇಲಿನ ಹಣವನ್ನಷ್ಟೇ ಕಡಿತ ಮಾಡಲಿಲ್ಲ. ನಿಜವಾಗಿ ಸುಟ್ಟ 500ಕ್ಕೂ ಒಂದು ರೂಪಾಯಿ ಇಲ್ಲ ಎಂದಿತು. ಬೆಂಕಿ ಆರಿಸಲು ಹೋಗಿ ಕೈ ಸುಟ್ಟುಕೊಂಡಿದ್ದ ಭಾವ ಕೇಳುತ್ತಾನೆ: ಸುಳ್ಳು ಬರೆದವನು ಅವನು, ನನ್ನ ಅರ್ಧ ಏಕೆ ಹೋಯಿತು?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಗಾದೆಯನ್ನು ಇಲ್ಲಿ ಯಾರಾದರೂ ನೆನೆಯುತ್ತಾರೆ. ಆದರೆ ಕಾನೂನಿನ ಕಣ್ಣಿಗೆ ಎತ್ತು ಮತ್ತು ಎಮ್ಮೆ ಎರಡೋ ಅಥವಾ ಒಂದೇ ಪ್ರಾಣಿಯೋ ಎಂಬುದೇ ಇಲ್ಲಿಯ ತಕರಾರು.

ಮೊದಲು ಆ 300 ಬೇಲ್ ಎಲ್ಲಿಂದ ಬಂದವು ಎಂದು ನೋಡೋಣ. ಭಾಮೈದನನ್ನು ಹುಟ್ಟುಗಳ್ಳ ಎಂದುಕೊಂಡರೆ ಈ ಭಾಗದ ವ್ಯಾಪಾರ ಅರ್ಥವಾಗುವುದಿಲ್ಲ. ಮಿಲ್ಲಿಗೆ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲ ಇರುತ್ತದೆ. ದಾಸ್ತಾನು ಎಷ್ಟಿದೆಯೋ ಅದರ ಮೇಲೆ ಹಣ ಎತ್ತಲು ಅವಕಾಶ. ಹಾಗಾಗಿ ತಿಂಗಳು ತಿಂಗಳು ಬ್ಯಾಂಕಿಗೆ ಕೊಡುವ ದಾಸ್ತಾನು ಪಟ್ಟಿ ಸ್ವಲ್ಪ ಉಬ್ಬಿರುವುದು ಹತ್ತಿ ಮಿಲ್ಲಿನಲ್ಲೂ ಅಕ್ಕಿ ಗಿರಣಿಯಲ್ಲೂ ಹೊಸ ಸಂಗತಿಯಲ್ಲ. ಬೆಂಕಿ ಬಿದ್ದ ದಿನ ಆ ಉಬ್ಬು ಉರುಳಾಗುತ್ತದೆ. ನಿಜವಾದ 500 ಬರೆದರೆ ಬ್ಯಾಂಕಿಗೆ ಹೇಳಿದ್ದು ಸುಳ್ಳೆಂದು ಒಪ್ಪಿದಂತೆ, 800 ಬರೆದರೆ ವಿಮಾ ಕಂಪನಿಗೆ ಸುಳ್ಳು ಹೇಳಿದಂತೆ. ಜೊತೆಗೆ ಎಲ್ಲರ ಬಾಯಲ್ಲೂ ಇರುವ ಒಂದು ಸಮಾಧಾನವಿದೆ: ಹೇಗೂ ಅವರು ಕಡಿತ ಮಾಡಿಯೇ ಕೊಡುತ್ತಾರೆ, ನಾವು ಸ್ವಲ್ಪ ಹೆಚ್ಚು ಬರೆದರೆ ಸರಿಹೋಗುತ್ತದೆ. ಚೌಕಾಸಿಯ ಸಂತೆಯಲ್ಲಿ ಈ ಲೆಕ್ಕ ನಡೆಯಬಹುದು. ವಿಮೆಯಲ್ಲಿ ಇದರ ಹೆಸರು ವಂಚನೆ.

ದಶಕಗಳಿಂದ ಭಾರತದಲ್ಲಿ ಚಾಲ್ತಿಯಲ್ಲಿರುವ ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿಯ 8ನೇ ಸಾಮಾನ್ಯ ಷರತ್ತು ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಕ್ಲೇಮು ಯಾವುದೇ ರೀತಿಯಲ್ಲಿ ವಂಚನೆಯಿಂದ ಕೂಡಿದ್ದರೆ, ಅದರ ಬೆಂಬಲಕ್ಕೆ ಸುಳ್ಳು ಹೇಳಿಕೆ ಬಳಸಿದ್ದರೆ, ವಿಮೆದಾರನು (ವಿಮೆ ಮಾಡಿಸಿದವನು) ಅಥವಾ ಅವನ ಪರವಾಗಿ ಯಾರಾದರೂ ಮೋಸದ ಉಪಾಯ ಹೂಡಿದ್ದರೆ, ಅಥವಾ ನಷ್ಟವೇ ವಿಮೆದಾರನ ಉದ್ದೇಶಪೂರ್ವಕ ಕೃತ್ಯದಿಂದಲೋ ಅವನ ಕೈವಾಡದಿಂದಲೋ ಆಗಿದ್ದರೆ, ಪಾಲಿಸಿಯ ಎಲ್ಲ ಲಾಭಗಳೂ ಮುಟ್ಟುಗೋಲು. ‘ಎಲ್ಲ’ ಎಂಬ ಪದವನ್ನು ಗಮನಿಸಬೇಕು. ಹಾಲಿನ ಕೊಡಕ್ಕೆ ಒಂದು ಹನಿ ಹುಳಿ ಎಂಬ ತತ್ವ ಅದು. ಆದರೆ ಕೊಡ ಒಂದೇ ಇದೆಯೇ ಎಂಬುದನ್ನು ಷರತ್ತು ಹೇಳುವುದಿಲ್ಲ.

ನಮ್ಮ ಕಡೆಯ ಓದುಗರಿಗೆ ಇದನ್ನು ಪಹಣಿಯ ಮೂಲಕ ವಿವರಿಸುವುದು ಸುಲಭ. ಒಂದೇ ಸರ್ವೇ ನಂಬರಿನಲ್ಲಿ ಅಣ್ಣತಮ್ಮಂದಿರ ಹೆಸರುಗಳು ಒಟ್ಟಿಗೆ ಇರುತ್ತವೆ. ಪೋಡಿ ಆಗಿದ್ದರೆ ಅವರವರ ತುಂಡು ಅವರವರಿಗೆ, ನಕ್ಷೆಯಲ್ಲಿ ಗೆರೆ ಬಿದ್ದಿದೆ. ಪೋಡಿ ಆಗದಿದ್ದರೆ ಒಬ್ಬನು ಎಬ್ಬಿಸಿದ ತಂಟೆ ಎಲ್ಲರ ಖಾತೆಗೂ ಅಂಟುತ್ತದೆ. ಎರಡು ಹೆಸರುಗಳಿರುವ ಪಾಲಿಸಿಯ ಮುಂದೆ ನ್ಯಾಯಾಲಯ ಕೇಳುವ ಪ್ರಶ್ನೆಯೂ ಇದೇ: ಈ ಹಾಳೆಯೊಳಗೆ ಪೋಡಿ ಆಗಿದೆಯೇ?

ಪೋಡಿಯಾಗದ ಪಾಲಿಸಿ ಜಂಟಿ ಪಾಲಿಸಿ. ಇಬ್ಬರ ಹಿತವೂ ಒಂದೇ, ಗೆದ್ದರೆ ಇಬ್ಬರಿಗೂ, ಸೋತರೆ ಇಬ್ಬರಿಗೂ. ಇಂಗ್ಲೆಂಡಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ 1924ರ ಸ್ಯಾಮ್ಯುಯೆಲ್ ವಿರುದ್ಧ ಡ್ಯೂಮಾಸ್ ಪ್ರಕರಣದಲ್ಲಿ ಇಂಥ ಬಿಡಿಸಲಾಗದ ಹಿತವಿದ್ದಲ್ಲಿ ಒಬ್ಬನ ದುರ್ನಡತೆ ಇಡೀ ವಿಮೆಯನ್ನೇ ಕಲುಷಿತಗೊಳಿಸುತ್ತದೆ ಎಂಬ ಮಾತನ್ನು ಒಪ್ಪಿಕೊಂಡಿತು. ಆ ಪ್ರಕರಣದ್ದು ಹಡಗಿನ ಕತೆ. ಮಾಲೀಕನೇ ಒಳಸಂಚು ಮಾಡಿ ಹಡಗನ್ನು ಮುಳುಗಿಸಿದ್ದ, ಅದರ ಮೇಲೆ ಸಾಲ ಕೊಟ್ಟಿದ್ದವರಿಗೆ ಏನೂ ತಿಳಿದಿರಲಿಲ್ಲ. ಸಾಲ ಕೊಟ್ಟವರ ಹಿತ ಮಾಲೀಕನ ಹಿತಕ್ಕಿಂತ ಬೇರೆ, ಅವನ ಪಾಪ ಇವರಿಗೆ ಅಂಟದು ಎಂದ ಲಾರ್ಡುಗಳು ಕೊನೆಗೆ ಹಣವನ್ನಂತೂ ಕೊಡಿಸಲಿಲ್ಲ. ಬೇಕೆಂದೇ ಮುಳುಗಿಸಿದ್ದು ಸಮುದ್ರದ ಅಪಾಯವೇ ಅಲ್ಲ ಎಂಬುದು ಅವರು ಕೊಟ್ಟ ಕಾರಣ. ನಿರಪರಾಧಿ ಎಂಬ ಪ್ರಮಾಣಪತ್ರ ಸಿಕ್ಕಿತು, ಚೆಕ್ ಸಿಗಲಿಲ್ಲ.

ಪೋಡಿಯಾದ ಪಾಲಿಸಿಯನ್ನು ಸಂಯುಕ್ತ ಪಾಲಿಸಿ ಎನ್ನಬಹುದು. ಮನೆ ಮಾಲೀಕ, ಬಾಡಿಗೆದಾರ, ಅಡವು ಇಟ್ಟುಕೊಂಡ ಬ್ಯಾಂಕು ಒಂದೇ ಹಾಳೆಯಲ್ಲಿದ್ದರೂ ಅವರ ಹಿತಗಳು ಬೇರೆ ಬೇರೆ. ಅಂಥ ಹಾಳೆ ನಿಜವಾಗಿ ಹಲವು ಕರಾರುಗಳ ಕಟ್ಟು, ಒಬ್ಬನ ವಂಚನೆ ಅವನ ಕರಾರನ್ನು ಮಾತ್ರ ಕೆಡಿಸುತ್ತದೆ ಎಂಬುದು ಮಿಡ್‌ಲ್ಯಾಂಡ್ ಬ್ಯಾಂಕಿನ 1940ರ ಪ್ರಕರಣದಿಂದ ಗಟ್ಟಿಯಾಯಿತು. ಈ ವಿಂಗಡಣೆ ಸಾಲ ಕೊಟ್ಟವರ ಮೊಕದ್ದಮೆಗಳಲ್ಲೇ ಬೆಳೆದದ್ದು ಆಕಸ್ಮಿಕವಲ್ಲ ಎಂದು ನನ್ನ ಅನಿಸಿಕೆ. ಕೋರ್ಟಿಗೆ ಹೋಗಲು ಅವರ ಬಳಿ ಹಣವಿತ್ತು. ಹೆಂಡತಿಯರ ಸರದಿ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಸುಪ್ರೀಂ ಕೋರ್ಟ್ 1982ರಲ್ಲಿ ಅಂಥ ಒಂದು ಮನೆಯ ವ್ಯಾಜ್ಯ ನೋಡಿತು. ವಿಚ್ಛೇದನದ ಹಾದಿಯಲ್ಲಿದ್ದ ದಂಪತಿ, ಸುಟ್ಟ ಮನೆ, ಗಂಡನೇ ಹಚ್ಚಿದ ಎಂಬ ಆರೋಪ. ತಪ್ಪಿಲ್ಲದ ವಿಮೆದಾರಳು ತನ್ನ ಪಾಲನ್ನು ಪಡೆಯಬಹುದು ಎಂದು ಕೋರ್ಟ್ ಹೇಳಿತು. ಕೆನಡಾದಲ್ಲಿ 1989ರಲ್ಲಿ ಉಲ್ಟಾ ಆಯಿತು. 15 ವರ್ಷದ ಮಗ ಮನೆಗೆ ಬೆಂಕಿ ಇಟ್ಟ. ಮನೆಯಲ್ಲಿ ವಾಸಿಸುವ ಎಳೆಯ ಸದಸ್ಯರೂ ಪಾಲಿಸಿಯ ಪ್ರಕಾರ ವಿಮೆದಾರರೇ ಆಗಿದ್ದರಿಂದ ತಂದೆತಾಯಿಗೆ ಏನೂ ಸಿಗದು ಎಂದು ಸುಪ್ರೀಂ ಕೋರ್ಟಿನ ಬಹುಮತ ತೀರ್ಪು ಕೊಟ್ಟಿತು. ಮುಂದೆ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ ಪ್ರಾಂತ್ಯಗಳು ಶಾಸನವನ್ನೇ ತಿದ್ದಿ ಇಂಥವರನ್ನು ರಕ್ಷಿಸಬೇಕಾಯಿತು.

ಈ ಪಾಶ್ಚಾತ್ಯ ತೀರ್ಪುಗಳ ಜಗಳ ಬಹುಪಾಲು ನಿಂತಿರುವುದು ಇಂಗ್ಲಿಷಿನ ‘ದಿ’ ಮತ್ತು ‘ಎನಿ’ ಎಂಬ ಎರಡು ಪುಟ್ಟ ಪದಗಳ ಮೇಲೆ. ‘ದಿ ಇನ್ಶೂರ್ಡ್’ ಬೆಂಕಿ ಇಟ್ಟರೆ ಹಣವಿಲ್ಲ ಎಂದಿದ್ದರೆ ಇಟ್ಟವನಿಗೆ ಮಾತ್ರ ಇಲ್ಲ ಎಂದು ವಾದಿಸಬಹುದು. ‘ಎನಿ ಇನ್ಶೂರ್ಡ್’ ಎಂದಿದ್ದರೆ ಯಾರೇ ಇಟ್ಟರೂ ಯಾರಿಗೂ ಇಲ್ಲ. ಕನ್ನಡದ ನಾಮಪದಕ್ಕೆ ಇಂಥ ಬಾಲವೂ ಕೊಂಬೂ ಬೇಕಿಲ್ಲ. ‘ವಿಮೆದಾರ’ ಎಂದರೆ ಮುಗಿಯಿತು, ಯಾವ ವಿಮೆದಾರ ಎಂಬುದನ್ನು ಸಂದರ್ಭ ಹೇಳುತ್ತದೆ. ಆದರೂ ಸಿಂಧನೂರಿನ ಗಿರಣಿಯವನ ಅದೃಷ್ಟ ಅವನು ಎಂದೂ ಓದದ ಇಂಗ್ಲಿಷ್ ಹಾಳೆಯ ಆ ಒಂದಕ್ಷರದ ಮೇಲೆ ತೂಗುತ್ತಿದೆ. ನಮ್ಮ ಹಳೆಯ ಅಗ್ನಿ ಪಾಲಿಸಿಯಲ್ಲಿರುವುದು ‘ದಿ ಇನ್ಶೂರ್ಡ್’. ಪಾಲಿಸಿಯ ಮಾತು ಎರಡು ಅರ್ಥ ಕೊಟ್ಟರೆ ಅದನ್ನು ಬರೆದವರ ವಿರುದ್ಧವಾಗಿ ಓದಬೇಕೆಂಬ ನಿಯಮ ನಮ್ಮ ಕೋರ್ಟುಗಳಲ್ಲೂ ಇರುವುದರಿಂದ, ಸಹವಿಮೆದಾರನ ವಕೀಲರಿಗೆ ಇದು ಒಳ್ಳೆಯ ಬಾಗಿಲು.

ಬಳ್ಳಾರಿಯಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿದು ಇಬ್ಬರ ಹೆಸರಿನಲ್ಲೂ ಕಟ್ಟಿಸಿದ ಮನೆಯನ್ನು ತೆಗೆದುಕೊಳ್ಳಿ. ಜಗಳವಾಗಿ ಹೆಂಡತಿ ತವರಿಗೆ ಹೋದಾಗ ಗಂಡ ಬೆಂಕಿ ಇಟ್ಟ. ಕಂಪನಿ 8ನೇ ಷರತ್ತನ್ನೋ ಅದರ ತಮ್ಮನನ್ನೋ ತೋರಿಸುತ್ತದೆ. ಇಲ್ಲಿ ಭಾರತದ ಆಸ್ತಿ ಕಾನೂನೇ ಹೆಂಡತಿಯ ನೆರವಿಗೆ ಬರಬಹುದು ಎಂದು ನಾನು ತಿಳಿದಿದ್ದೇನೆ. ಸಹಮಾಲೀಕರ ಪಾಲುಗಳು ಒಂದರೊಳಗೊಂದು ಕರಗಿಹೋಗುವ ಇಂಗ್ಲಿಷ್ ಮಾದರಿಯ ಜಂಟಿ ಒಡೆತನ, ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯನ್ನು ಬಿಟ್ಟರೆ, ಹಿಂದೂ ಕಾನೂನಿಗೆ ಪರಕೀಯ ಎಂದು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾದ ಪ್ರಿವಿ ಕೌನ್ಸಿಲ್ 1896ರಲ್ಲೇ ಹೇಳಿತ್ತು. ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಮಿನ ಪ್ರಕಾರ ಒಟ್ಟಿಗೆ ಕೊಂಡವರ ಪಾಲು ಅವರವರು ಹಾಕಿದ ಹಣಕ್ಕೆ ತಕ್ಕಂತೆ. ಅಂದರೆ ಮನೆಯ ಒಡೆತನದಲ್ಲಿ ಆಗಲೇ ಪೋಡಿಯಾಗಿದೆ. ಒಡೆತನ ಬೇರೆಯಾಗಿದ್ದರೆ ವಿಮೆಗೆ ಒಳಪಟ್ಟ ಹಿತವೂ ಬೇರೆಯೇ ಅಲ್ಲವೇ?

ಕಂಪನಿಯ ಅಂಜಿಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹೆಂಡತಿಗೆ ಕೊಟ್ಟ ಹಣ ನಾಳೆ ರಾಜಿಯಾದ ಮೇಲೆ ಗಂಡನ ತಲೆಯ ಮೇಲಿನ ಸೂರಾಗಬಹುದು. ಮೊದಲೇ ಮಾತಾಡಿಕೊಂಡು ಒಬ್ಬರು ಕಳ್ಳ, ಒಬ್ಬರು ಸಾಧು ಎಂದು ಪಾತ್ರ ಹಂಚಿಕೊಳ್ಳುವ ದಂಪತಿಗಳೂ ಇರಬಹುದು. ಆದರೆ ಇದಕ್ಕೆ ಮದ್ದು ಇದೆ: ಅವಳ ಪಾಲಿಗಿಂತ ಹೆಚ್ಚು ಕೊಡಬೇಡಿ, ಕೊಟ್ಟದ್ದನ್ನು ಹಚ್ಚಿದವನಿಂದ ವಸೂಲಿ ಮಾಡಿ. ಏನೂ ಕೊಡದಿರುವುದು ಮದ್ದಲ್ಲ. ವಂಚನೆಯನ್ನು ಸಾಬೀತುಪಡಿಸುವ ಹೊಣೆ ಹೇಗೂ ಕಂಪನಿಯದೇ. ಹೆಂಡತಿಯ ಕೈವಾಡವನ್ನು ಅವಳ ಮಟ್ಟಿಗೆ ಬೇರೆಯಾಗಿಯೇ ಸಾಬೀತುಪಡಿಸಬೇಕು.

ನಮ್ಮ ಹತ್ತಿ ಮಿಲ್ಲಿನ ಭಾವನ ಪರಿಸ್ಥಿತಿ ಇದಕ್ಕಿಂತ ಕಠಿಣ. ಅಲ್ಲಿ ವಿಮೆದಾರ ಎಂದರೆ ಭಾವನೂ ಅಲ್ಲ, ಭಾಮೈದನೂ ಅಲ್ಲ. ಪಾಲುದಾರಿಕೆ ಸಂಸ್ಥೆ. 1932ರ ಪಾಲುದಾರಿಕೆ ಕಾಯ್ದೆಯಂತೆ ಸಂಸ್ಥೆಯ ವ್ಯವಹಾರದ ಮಟ್ಟಿಗೆ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಏಜೆಂಟ್. ಕ್ಲೇಮು ಸಲ್ಲಿಸುವುದು ಸಂಸ್ಥೆಯ ವ್ಯವಹಾರವೇ, ಆದ್ದರಿಂದ ಲೆಕ್ಕದವನ ಸುಳ್ಳು ಸಂಸ್ಥೆಯ ಸುಳ್ಳು. ಇಲ್ಲಿ ಪೋಡಿ ಹುಡುಕುವುದು ವ್ಯರ್ಥ. ಭಾವನಿಗೆ ಉಳಿಯುವುದು ಅದೇ ಕಾಯ್ದೆಯ 10ನೇ ಕಲಮು: ವ್ಯವಹಾರದಲ್ಲಿ ಮಾಡಿದ ವಂಚನೆಯಿಂದ ಸಂಸ್ಥೆಗಾದ ನಷ್ಟವನ್ನು ವಂಚಿಸಿದ ಪಾಲುದಾರನೇ ತುಂಬಿಕೊಡಬೇಕು. ಹೆಂಡತಿಯ ತಮ್ಮನ ಮೇಲೆ ದಾವೆ ಹೂಡುವ ಭಾವ ಎಷ್ಟು ಜನ ಸಿಗುತ್ತಾರೋ ಗೊತ್ತಿಲ್ಲ. ಅದೇ ಭಾಮೈದ ಲೆಕ್ಕದ ಜಗಳದಲ್ಲಿ ಸೇಡಿಗಾಗಿ ಮಿಲ್ಲಿಗೇ ಬೆಂಕಿ ಇಟ್ಟಿದ್ದರೆ ಮಾತು ಬೇರೆ. ಸಂಸ್ಥೆಯನ್ನು ಸುಡುವುದು ಸಂಸ್ಥೆಯ ವ್ಯವಹಾರವಲ್ಲ, ಸಂಸ್ಥೆ ಅವನ ಬಲಿಪಶು ಎಂದು ವಾದಿಸಲು ಜಾಗವಿದೆ. ವಿಚಿತ್ರವಾದರೂ ನಿಜ: ಬೆಂಕಿ ಇಟ್ಟ ಪಾಲುದಾರನಿಗಿಂತ ಬೇಲಿನ ಲೆಕ್ಕ ಉಬ್ಬಿಸಿದ ಪಾಲುದಾರ ಇನ್ನೊಬ್ಬನಿಗೆ ಹೆಚ್ಚು ಅಪಾಯಕಾರಿ.

ಇನ್ನು ಅದೇ ಮಿಲ್ಲಿನ ಪಾಲಿಸಿಯಲ್ಲಿ ಮೂರನೆಯ ಹೆಸರೊಂದಿರುತ್ತದೆ, ಬ್ಯಾಂಕಿನದು. ಅದರ ಜೊತೆ ‘ಅಗ್ರೀಡ್ ಬ್ಯಾಂಕ್ ಕ್ಲಾಸ್’ ಎಂಬ ಅನುಬಂಧ. ಪರಿಹಾರದ ಹಣ ಮೊದಲು ಬ್ಯಾಂಕಿಗೆ ಸಂದಾಯವಾಗಬೇಕು ಎಂಬುದು ಅದರಲ್ಲಿ ಎಲ್ಲರಿಗೂ ಗೊತ್ತಿರುವ ಭಾಗ. ಯಾರೂ ಓದದ ಭಾಗ ಇನ್ನೊಂದಿದೆ. ಬ್ಯಾಂಕಿನ ಅರಿವಿಲ್ಲದೆ ಬೇರೆ ವಿಮೆದಾರರು ಮಾಡಿದ, ಅಪಾಯವನ್ನು ಹೆಚ್ಚಿಸುವ ಕೃತ್ಯ ಅಥವಾ ಲೋಪದಿಂದ ಬ್ಯಾಂಕಿನ ಹಿತದ ಮಟ್ಟಿಗಿನ ವಿಮೆ ಅಸಿಂಧುವಾಗುವುದಿಲ್ಲ ಎಂದು ಅಲ್ಲಿ ಬರೆದಿದೆ. ವಿಷಯ ತಿಳಿದೊಡನೆ ಕಂಪನಿಗೆ ತಿಳಿಸಿ, ಕೇಳಿದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿದರಾಯಿತು. ಈ ಮಾತು ಸುಳ್ಳು ಕ್ಲೇಮಿನವರೆಗೂ ಚಾಚುತ್ತದೆ ಎಂದು ನಾನು ಹೇಳಲಾರೆ. ಅದರ ಗುರಿ ಅಪಾಯದ ಹೆಚ್ಚಳ ಮಾತ್ರ. ಆದರೆ ಒಂದು ಸಂಗತಿ ಇದರಿಂದ ಸಾಬೀತಾಗುತ್ತದೆ. ಒಬ್ಬನ ತಪ್ಪಿನಿಂದ ಇನ್ನೊಬ್ಬನನ್ನು ಬೇರ್ಪಡಿಸುವ ವಾಕ್ಯ ಬರೆಯಲು ವಿಮಾ ಕಂಪನಿಗಳಿಗೆ ಬರುತ್ತದೆ. ಕೇಳುವವರು ಬ್ಯಾಂಕಿನಷ್ಟು ದೊಡ್ಡವರಾಗಿರಬೇಕು, ಅಷ್ಟೇ.

ಸಣ್ಣವರೂ ಗೆದ್ದ ಒಂದು ಪ್ರಕರಣ ನಮ್ಮ ರಾಜ್ಯದ್ದೇ ಇದೆ. ಬ್ಯಾಡಗಿ ಮೆಣಸಿನಕಾಯಿ ಬೆಳೆದ ರೈತರು ಫಸಲನ್ನು ಒಂದು ಪಾಲುದಾರಿಕೆ ಸಂಸ್ಥೆಯ ಶೀತಲಗೃಹದಲ್ಲಿಟ್ಟು, ಅದರ ಮೇಲೆ ಕೆನರಾ ಬ್ಯಾಂಕಿನಿಂದ ಸಾಲ ಪಡೆದಿದ್ದರು. 2014ರ ಜನವರಿ 13ರ ರಾತ್ರಿ ಬೆಂಕಿಗೆ ಕಟ್ಟಡ, ದಾಸ್ತಾನು ಎರಡೂ ಹೋದವು. ವಿಮೆ ಶೀತಲಗೃಹದ ಹೆಸರಿನಲ್ಲಿತ್ತು. ಬೆಂಕಿ ಆಕಸ್ಮಿಕವಲ್ಲ, ರೈತರಿಗೂ ನಮಗೂ ಕರಾರೇ ಇಲ್ಲ ಎಂದಿತು ಯುನೈಟೆಡ್ ಇಂಡಿಯಾ ಕಂಪನಿ. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಎರಡೂ ವಾದಗಳನ್ನು ತಳ್ಳಿಹಾಕಿತು. ರೈತರು ಆ ವಿಮೆಯ ಫಲಾನುಭವಿಗಳು, ಆದ್ದರಿಂದ ಗ್ರಾಹಕರು. ಬೆಂಕಿಗೆ ಶಾರ್ಟ್ ಸರ್ಕ್ಯೂಟ್ ಕಾರಣವೋ ಬೇರೊಂದೋ, ವಿಮೆದಾರನೇ ಅದನ್ನು ಹಚ್ಚದಿದ್ದ ಮೇಲೆ ಅದು ಮುಖ್ಯವಲ್ಲ. ಸಿರುಗುಪ್ಪ, ಬಳ್ಳಾರಿ ಕಡೆಯ ಮೆಣಸಿನಕಾಯಿಯೂ ಬ್ಯಾಡಗಿಯ ಹಾದಿ ಹಿಡಿಯುವುದರಿಂದ ಈ ತೀರ್ಪು ಇಲ್ಲಿಯವರ ಕಪಾಟಿನಲ್ಲೂ ಇರಬೇಕು. ಆದರೆ ಶೀತಲಗೃಹದ ಮಾಲೀಕನೇ ಹಚ್ಚಿದ್ದರೆ ರೈತರ ಗತಿ ಏನಾಗುತ್ತಿತ್ತು? ಅಂಥ ಸಾಬೀತು ಇಲ್ಲದ್ದರಿಂದ ಕೋರ್ಟ್ ಆ ಪ್ರಶ್ನೆಗೆ ಉತ್ತರಿಸಬೇಕಾಗಲಿಲ್ಲ. ನಿರಪರಾಧಿ ಸಹವಿಮೆದಾರನ ಪ್ರಶ್ನೆ ಸರಿಯಾಗಿ ಆ ಜಾಗದಲ್ಲಿ ಕುಳಿತಿದೆ.

ಜೀವ ವಿಮೆಯಲ್ಲಿ ಚಿತ್ರ ಇನ್ನೂ ಕಠೋರ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದವನು ಸತ್ತುಹೋದ, ಪಾಲಿಸಿಯನ್ನು ವಹಿಸಿಕೊಂಡಿದ್ದವನು ಹಣ ಕೇಳಿದ. 1962ರಲ್ಲಿ ಮಿಥೂಲಾಲ್ ನಾಯಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವನಿಗೆ ವಿಮೆಯ ಹಣವನ್ನೂ ಕೊಡಿಸಲಿಲ್ಲ, ಕಟ್ಟಿದ ಪ್ರೀಮಿಯಂ ಅನ್ನೂ ಕೊಡಿಸಲಿಲ್ಲ. 2015ರ ತಿದ್ದುಪಡಿಯ ನಂತರ ವಿಮಾ ಕಾಯ್ದೆಯ 45ನೇ ಕಲಮು ಮೂರು ವರ್ಷ ದಾಟಿದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ ಎನ್ನುತ್ತದೆ, ವಂಚನೆಯ ಕಾರಣಕ್ಕೂ ಇಲ್ಲ. ಆದರೆ ಮೂರು ವರ್ಷದೊಳಗೆ ವಂಚನೆಯ ಆರೋಪ ಬಂದರೆ, ವಿಮೆದಾರ ಬದುಕಿಲ್ಲದಾಗ ಅದನ್ನು ಸುಳ್ಳೆಂದು ತೋರಿಸುವ ಭಾರ ಫಲಾನುಭವಿಗಳ ಮೇಲಿದೆ. ಗಂಡ ಏಜೆಂಟನ ಮುಂದೆ ಏನು ಹೇಳಿದನೆಂದು ವಿಧವೆ ರುಜುವಾತು ಮಾಡಬೇಕು. ಇದನ್ನು ಬರೆದವರು ಆ ಕೋಣೆಯನ್ನು ಕಂಡವರಲ್ಲ.

ಕುಟುಂಬಕ್ಕೆಲ್ಲ ಒಂದೇ ಆರೋಗ್ಯ ಪಾಲಿಸಿ ಮಾಡಿಸುವ ಮನೆಗಳಲ್ಲಿ ಸಮಸ್ಯೆ ಹೆಚ್ಚು ಸದ್ದಿಲ್ಲದೆ ಬರುತ್ತದೆ. ಅರ್ಜಿ ತುಂಬಿದ ಹಿರಿಯ ಮಗ ಅಪ್ಪನ ಸಕ್ಕರೆ ಕಾಯಿಲೆ ಬರೆಯಲಿಲ್ಲ, ಪೆಟ್ಟು ಬೀಳುವುದು ಸೊಸೆಯ ಹೆರಿಗೆಯ ಬಿಲ್ಲಿಗೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ, ಪಾಲಿಸಿಯನ್ನು ಪ್ರಶ್ನಿಸಲು ಕಂಪನಿಗಿದ್ದ ಎಂಟು ವರ್ಷದ ಅವಧಿಯನ್ನು 60 ತಿಂಗಳಿಗೆ ಇಳಿಸಿತು. ಅಷ್ಟು ಕಾಲ ಸತತವಾಗಿ ನವೀಕರಿಸಿದ ಪಾಲಿಸಿಯನ್ನು ಸಾಬೀತಾದ ವಂಚನೆಯ ಹೊರತು ಪ್ರಶ್ನಿಸುವಂತಿಲ್ಲ. ಆ ‘ಹೊರತು’ ಎಂಬುದರಲ್ಲಿ ಯಾರ ವಂಚನೆ ಎಂಬ ಪ್ರಶ್ನೆ ಮತ್ತೆ ತೆರೆದೇ ಉಳಿಯುತ್ತದೆ. ಬ್ರಿಟನ್ 2015ರ ವಿಮಾ ಕಾಯ್ದೆಯಲ್ಲಿ ಗುಂಪು ವಿಮೆಗೆಂದು ಒಂದು ಕಲಮನ್ನೇ ಇಟ್ಟಿತು: ಸದಸ್ಯನೊಬ್ಬ ವಂಚಿಸಿದರೆ ಕ್ರಮ ಅವನೊಬ್ಬನ ಮೇಲೆ, ಉಳಿದವರ ರಕ್ಷಣೆ ಹಾಗೆಯೇ ಇರುತ್ತದೆ.

ವಾಹನ ವಿಮೆಯಲ್ಲಿ ನಮ್ಮ ಸಂಸತ್ತು ಮತ್ತು ಕೋರ್ಟುಗಳು ಈ ಧೈರ್ಯ ತೋರಿವೆ. ಪರವಾನಗಿ ಇಲ್ಲದವನ ಕೈಗೆ ಟ್ರ್ಯಾಕ್ಟರ್ ಕೊಟ್ಟ ಮಾಲೀಕನ ತಪ್ಪಿಗೆ ರಸ್ತೆಯಲ್ಲಿ ಸತ್ತವನ ಮನೆಯವರು ಬರಿಗೈಯಲ್ಲಿ ಹೋಗಬೇಕಿಲ್ಲ. ಕಂಪನಿ ಮೊದಲು ಪರಿಹಾರ ಕೊಟ್ಟು, ನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವ ದಾರಿಯನ್ನು 2004ರ ಸ್ವರ್ಣ ಸಿಂಗ್ ತೀರ್ಪು ಗಟ್ಟಿಗೊಳಿಸಿತು. ಅದೇ ಸೂತ್ರ ಮನೆಗೂ ಗಿರಣಿಗೂ ಏಕೆ ಹೊಂದದು ಎಂದು ಕೇಳುವುದು ಅತಿಯಾಸೆಯಲ್ಲ. ಬೆಳೆ ವಿಮೆಯಲ್ಲಿ ಮಾತ್ರ ಹೊಂದುವುದಿಲ್ಲ. ಫಸಲ್ ಬಿಮಾ ಯೋಜನೆಯ ಲೆಕ್ಕ ಪಂಚಾಯಿತಿ ಮಟ್ಟದ ಇಳುವರಿಯದು, ಒಬ್ಬ ರೈತನ ಸುಳ್ಳು ಪಕ್ಕದವನ ಹೊಲಕ್ಕೆ ಬರುವುದಿಲ್ಲ ಎನ್ನಿಸುತ್ತದೆ. ಆದರೆ ಬಿತ್ತಿದ್ದಕ್ಕಿಂತ ಹೆಚ್ಚು ಎಕರೆಗೆ ವಿಮೆ ಆಗಿದ್ದರೆ ಇಡೀ ಘಟಕದ ವಿಮಾ ಮೊತ್ತವನ್ನು ಅದೇ ಪ್ರಮಾಣದಲ್ಲಿ ತಗ್ಗಿಸಲು ಮಾರ್ಗಸೂಚಿಯಲ್ಲಿ ಅವಕಾಶವಿದೆ. ಊರಿನಲ್ಲಿ ನಾಲ್ವರು ಇಲ್ಲದ ಹತ್ತಿಗೆ ವಿಮೆ ಮಾಡಿಸಿದರೆ ಇದ್ದ ಹತ್ತಿಯವರ ಚೀಲ ಹಗುರಾಗುತ್ತದೆ.

ಹಾಗಾದರೆ ಕ್ಲೇಮು ತಿರಸ್ಕರಿಸಿದ ಪತ್ರ ಬಂದ ಮೇಲೆ ಏನು ಮಾಡಬೇಕು? ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. 2019ರ ಕಾಯ್ದೆಯಂತೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಆದ್ದರಿಂದ ಕೊಪ್ಪಳದವರು ಕೊಪ್ಪಳದಲ್ಲಿಯೇ ಹಾಕಲಿ. ಮಿಲ್ಲು ವ್ಯಾಪಾರಕ್ಕಿದೆ, ನೀವು ಗ್ರಾಹಕರೇ ಅಲ್ಲ ಎಂಬ ಹಳೆಯ ಆಕ್ಷೇಪಕ್ಕೆ 2023ರ ಹರ್ಸೋಲಿಯಾ ಮೋಟರ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ: ವಿಮೆ ನಷ್ಟ ತುಂಬಿಕೊಳ್ಳಲು, ಲಾಭ ಗಳಿಸಲು ಅಲ್ಲ. ಮನೆ, ಆರೋಗ್ಯ ಪಾಲಿಸಿಗಳಿಗೆ 50 ಲಕ್ಷದವರೆಗೆ ವಿಮಾ ಲೋಕಪಾಲರೂ ಇದ್ದಾರೆ. ಅಲ್ಲಿಗೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಎಲ್ಲಿಗೆ ಹೋದರೂ ವಂಚಿಸಿದವನ ಜೊತೆ ಒಂದೇ ಅರ್ಜಿ, ಒಬ್ಬರೇ ವಕೀಲರು ಎಂದು ಹೋಗಬಾರದು. ತನ್ನ ಹೆಸರಿನಲ್ಲಿ, ತನ್ನ ಪಾಲಿಗೆ, ತನ್ನ ಹೇಳಿಕೆಯೊಂದಿಗೆ ಹೋಗಬೇಕು. ಸುಳ್ಳು ತಿಳಿದ ದಿನವೇ ಕಂಪನಿಗೆ ಬರೆದು ತಿಳಿಸಬೇಕು. ತಿಳಿದೂ ಸುಮ್ಮನಿದ್ದ ಒಂದೊಂದು ವಾರವೂ ನಿರಪರಾಧಿಯನ್ನು ವಂಚನೆಯ ಪಾಲುಗಾರನನ್ನಾಗಿ ಮಾಡುತ್ತದೆ.

ನಮ್ಮ ಭಾವ ಇದನ್ನೆಲ್ಲ ಕೇಳಿಸಿಕೊಂಡು ಆಯೋಗದ ಮೆಟ್ಟಿಲು ಹತ್ತುತ್ತಾನೆ ಎಂದುಕೊಳ್ಳೋಣ. ಎದುರು ವಕೀಲರು ಹಡಗಿನ ಕತೆಯನ್ನೂ 1940ರ ತೀರ್ಪನ್ನೂ ಎತ್ತುವುದಿಲ್ಲ. ಕ್ಲೇಮು ಅರ್ಜಿಯ ಕೊನೆಯ ಹಾಳೆಯನ್ನು ತಿರುಗಿಸಿ ಮುಂದಿಡುತ್ತಾರೆ. 800 ಬೇಲ್ ಎಂದು ಬರೆದ ಸಾಲಿನ ಕೆಳಗೆ ಸಂಸ್ಥೆಯ ಮೊಹರು, ಮೊಹರಿನ ಮೇಲೆ ಎರಡು ಸಹಿ. ಬ್ಯಾಂಡೇಜು ಸುತ್ತಿದ ಕೈಯಿಂದ, ಓದದೆ, ಭಾಮೈದ ತೋರಿಸಿದ ಜಾಗದಲ್ಲಿ ಹಾಕಿದ ಸಹಿ ಅದರಲ್ಲಿ ಎರಡನೆಯದು.